ಖಾನಾಪುರದ ಮನೆಯ ಕಾಗದ

ಅಪ್ಪನ ವೈಕುಂಠ ಸಮಾರಾಧನೆಯ ಮರುದಿನ ಕಾಕಾ ಕಾಗದದ ಪೆಟ್ಟಿಗೆಯನ್ನು ನಡುಮನೆಗೆ ತರಿಸಿದರು. ಅದು ಇಪ್ಪತ್ತರ ದಶಕ. ಪ್ಲೇಗಿನ ಹೆದರಿಕೆಗೆ ಬೆಳಗಾವಿ ಪೇಟೆಯ ಜನ ಊರ ಹೊರಗೆ ಮನೆ ಹುಡುಕುತ್ತಿದ್ದರು. ರೈಲು ಹಳಿಯಾಚೆಯ ಬಯಲನ್ನು ಕೊಂಡು, ಹಾದಿ ಬಿಡಿಸಿ, ಬಾವಿ ತೋಡಿಸಿ, ಮನೆ ಕಟ್ಟಿ ಮಾರುವುದು ಅಪ್ಪನ ಉದ್ಯೋಗ. ಖರೀದಿ ಪತ್ರ, ನಕಾಶೆ, ಕಲ್ಲು ಸುಣ್ಣದ ಪಾವತಿ ಚೀಟಿ ಎಲ್ಲವನ್ನೂ ಕೆಂಪು ಅರಿವೆಯಲ್ಲಿ ಕಟ್ಟಿಟ್ಟಿದ್ದರು. ಗಂಟು ಬಿಚ್ಚಿದರೆ ಅವರ ನಶ್ಯದ ವಾಸನೆ. ಕಾಕಾ ಸೀನಿ, "ಸತ್ತ ಮ್ಯಾಲೂ ಬಿಡವಲ್ಲ ನೋಡು ಅಣ್ಣ" ಎಂದರು. ನಕ್ಕೆವು.

ನಾನು ಹುಡುಕುತ್ತಿದ್ದುದು ಒಂದೇ ಕಾಗದ. ಖಾನಾಪುರದಲ್ಲಿ, ಮಲಪ್ರಭೆಯ ದಂಡೆಯ ಹತ್ತಿರ ಅಪ್ಪನದೊಂದು ಮನೆಯಿತ್ತು. ಕಣಕುಂಬಿಯ ಕಡೆಯ ಕಾಡುಹಳ್ಳಿಗಳಿಂದ ಚಳಿಜ್ವರದವರನ್ನು ಚಕ್ಕಡಿಯಲ್ಲಿ ಹಾಕಿಕೊಂಡು ಔಷಧಕ್ಕೆ ಬರುವವರು ಅಲ್ಲಿ ಇಳಿಯುತ್ತಿದ್ದರು. ಅವರಿಗೆ ಗಂಜಿ ಕಾಯಿಸುತ್ತಿದ್ದ ಮುದುಕಿಯನ್ನು ಎಲ್ಲರೂ ಆಯಿ ಎನ್ನುತ್ತಿದ್ದರು. ನಮ್ಮವ್ವ ಅದೇ ಜ್ವರದಲ್ಲಿ ಹೋದ ಮೇಲೆ ಅಪ್ಪ ಆ ಮನೆಯನ್ನು ಊರ ಪಂಚರಿಗೆ ಧಾರೆ ಎರೆದು ಕೊಟ್ಟಿದ್ದರು.

ದಾನಪತ್ರ ಸಿಗಲಿಲ್ಲ. ಸಿಕ್ಕಿದ್ದು ಜಾಗದ ಖರೀದಿ ಪತ್ರ, ಅಪ್ಪನ ಹೆಸರಿನಲ್ಲಿ.

"ಇದೂ ಪಾಲಿಗೆ ಬಂತು" ಎಂದರು ಕಾಕಾ.

"ಅದನ್ನ ಅಪ್ಪ ಕೊಟ್ಟಾರಲ್ಲ ಕಾಕಾ. ತಂಬಿಗಿ ಹಿಡದು ನೀರು ಬಿಟ್ಟಾವರು ನೀವಽ."

"ಖರೇ ಐತಿ. ಬರದು ಕೊಡು ಅಂತ ಅವತ್ತಽ ಬಡಕೊಂಡೆ. ಕೊಟ್ಟದ್ದು ಬರದಿಟ್ರ ಪುಣ್ಯ ಸವೀತದ ಅಂದ. ಒಂದು ಗಾಡಿ ಸುಣ್ಣಕ್ಕ ಪಾವತಿ ಕೇಳಾಂವ, ಮನಿ ಕೊಡೂ ಮುಂದ ತುಳಸಿ ಎಲಿ ಸಾಕಾತು! ಕೋರ್ಟು ನೀರು ನೋಡೂದಿಲ್ಲ ತಮ್ಮಾ."

ಕಾಕಾ ಕೆಟ್ಟವರಲ್ಲ. ಮದುವೆಗೆ ಬಂದ ಹೆಣ್ಣುಮಕ್ಕಳಿದ್ದರು. ಲೋಂಡಾದ ಕಟ್ಟಿಗೆ ವ್ಯಾಪಾರಿಯೊಬ್ಬ ದಿಮ್ಮಿ ಪೇರಿಸುವ ತನ್ನ ಅಡ್ಡೆಗೆಂದು ಆ ಜಾಗವನ್ನು ಕೇಳಿಯೂ ಆಗಿತ್ತು.

ನಾನು ಖಾನಾಪುರಕ್ಕೆ ಹೋದೆ. ಪಡಸಾಲೆಯಲ್ಲಿ ಒಬ್ಬ ಹೆಂಗಸು ನಡುಗುವ ಮಗುವಿಗೆ ಕಂಬಳಿ ಒತ್ತಿ ಹಿಡಿದು ಕೂತಿದ್ದಳು. ಆಯಿ ಮಣೆ ಹಾಕಿದಳು.

"ಕುಂದರ್ರಿ. ಸಾವಕಾರ್ರು ಬಂದ್ರ ಮೊದಲು ಒಲಿ ನೋಡತಿದ್ರು. ನೀವು ಗ್ವಾಡಿ ನೋಡಾಕ ಹತ್ತೀರಿ."

"ಸುಮ್ಮನ ನೋಡಿದೆ ಆಯಿ."

"ಮಾರಾವರು ಗ್ವಾಡಿ ನೋಡ್ತಾರ್ರಿ. ಇರ್ಲಿ, ಗಂಜಿ ಕುಡದು ಹೋಗ್ರಿ. ಅದಕ್ಕೇನ್ ಕಾಗದ ಬ್ಯಾಡ."

ಗಂಜಿಯ ಬಟ್ಟಲು ಹಿಡಿದು ಒಲೆಯ ಮುಂದೆ ಕೂತೆ. ಅಪ್ಪ ಹೋದ ದಿನ ಬಾರದ ಅಳು ಆ ಒಲೆಯ ಹೊಗೆಯಲ್ಲಿ ಬಂತು. ಆಯಿ ಕಂಡೂ ಕಾಣದವಳಂತೆ ಕಟ್ಟಿಗೆ ಮುಂದಕ್ಕೆ ತಳ್ಳಿದಳು.

ಬೆಳಗಾವಿಗೆ ಬಂದು ಕಾಕಾಗೆ ಹೇಳಿದೆ: ಹಳಿಯಾಚೆಯ ಮನೆಗಳೆಲ್ಲ ನಿಮಗಿರಲಿ, ನನ್ನ ಪಾಲಿಗೆ ಖಾನಾಪುರದ ಮನೆ ಸಾಕು. ಅವರು "ಅವನ ಮಗಾನ ಹೌದು" ಎಂದರು. ಹೊಗಳಿದರೋ ಬೈದರೋ ಇಂದಿಗೂ ತಿಳಿಯದು.

ವಕೀಲರು ದಾನಪತ್ರ ಬರೆದು ಓದಿ ಹೇಳಿದರು. ಮನೆ ಕೊನೆಯತನಕ ನನ್ನ ತಂದೆಯ ಸ್ವಂತ ಒಡೆತನ ಮತ್ತು ಭೋಗದಲ್ಲಿತ್ತು; ಅವರ ನಂತರ ಪಾಲಿನಲ್ಲಿ ನನಗೆ ಬಂದಿತು; ಈಗ ನಾನು ಅದನ್ನು ಧರ್ಮಕ್ಕೆ ಕೊಡುತ್ತಿದ್ದೇನೆ.

"ಅಪ್ಪ ಮೊದಲಽ ಕೊಟ್ಟಿದ್ರು ಅಂತ ಬರೀರಿ" ಎಂದೆ.

"ಹಂಗ ಬರದ್ರ ನಿಮಗ ಕೊಡೂ ಹಕ್ಕಽ ಇರೂದಿಲ್ಲರಿ. ಕೊಟ್ಟದ್ದನ್ನ ಮತ್ತ ಹ್ಯಾಂಗ ಕೊಡ್ತೀರಿ?"

ಲೇಖನಿ ಹಿಡಿದು ಕೂತೆ. ಬರೆಯಬಾರದು ಎಂದಿದ್ದವರ ದಾನವನ್ನು ಉಳಿಸಲು, ಅವರು ಕೊಡಲೇ ಇಲ್ಲವೆಂದು ನಾನು ಬರೆದುಕೊಡಬೇಕಾಗಿತ್ತು. ಕಂಬಳಿಯೊಳಗಿನ ಮಗು ನೆನಪಾಯಿತು. ಸಹಿ ಮಾಡಿದೆ. ಸಾಕ್ಷಿಯ ಜಾಗದಲ್ಲಿ ಕಾಕಾ ಸಹಿ ಮಾಡಿದರು. ಮಸಿ ಆರುವ ತನಕ ನನ್ನ ಮುಖ ನೋಡಲಿಲ್ಲ.

ಆಯಿಯ ಒಲೆ ಉಳಿಯಿತು. ದಾನಪತ್ರದ ಪ್ರತಿಯನ್ನು ಅದೇ ಪೆಟ್ಟಿಗೆಯಲ್ಲಿ, ಅಪ್ಪನ ಖರೀದಿ ಪತ್ರದ ಮೇಲೆ ಇಟ್ಟಿದ್ದೇನೆ. ಮುಂದೆ ಯಾರಾದರೂ ಗಂಟು ಬಿಚ್ಚಿ ಓದಿದರೆ, ಅಪ್ಪ ಸಾಯುವ ತನಕ ಆ ಮನೆಯನ್ನು ಕೈಬಿಡಲಿಲ್ಲ ಎಂದೇ ತಿಳಿಯುತ್ತಾರೆ.