ಕಸ್ತೂರೆವ್ವನ ಬಾಯಲ್ಲೇ ಉಳಿದ ರಾಣಿಯ ಮಾತು

ಇಂಡಿ ತಾಲ್ಲೂಕಿನ ಹಳ್ಳಿಯೊಂದರ ಶಾಲೆಯ ಬಯಲು. ಬೆಳಗಿನ ಐದು ಗಂಟೆ ಹತ್ತು ನಿಮಿಷ. ರಂಗದ ಮೇಲೆ ಸೇನಾಪತಿ ಸಾಯುತ್ತಿದ್ದಾನೆ. ಕೋಟೆ ಬಾಗಿಲು ಬರೆದ ಪರದೆಯ ಮುಂದೆ ಎದೆ ಹಿಡಿದುಕೊಂಡು ಮಂಡಿಯೂರಿದ್ದಾನೆ. ಕಿರೀಟ ಉರುಳಿ ಹಾರ್ಮೋನಿಯಂ ಹತ್ತಿರ ಹೋಗಿ ನಿಂತಿದೆ. ‘ಇಷ್ಟು ದೊಡ್ಡ ರಾಜ್ಯದಲ್ಲಿ...’ ಎಂದವನು ಅಲ್ಲೇ ತಡೆಯುತ್ತಾನೆ. ಮುಂದಿನ ಮಾತು ಮರೆತುಹೋಗಿದೆ. ಕುಳಿತ ಮಂದಿ ಅದನ್ನು ಸಾವಿನ ಸಂಕಟವೆಂದೇ ತಿಳಿದು ಉಸಿರು ಬಿಗಿಹಿಡಿಯುತ್ತಾರೆ.

ಎಡಗಡೆ ಮರೆಯಲ್ಲಿ ನಿಂತ ಹೆಂಗಸು ಕೈಯಲ್ಲಿನ ನಾಟಕದ ವಹಿಯಿಂದ ತಲೆ ಕೂಡ ಎತ್ತುವುದಿಲ್ಲ. ‘ನನಗೊಂದು’ ಎನ್ನುತ್ತಾರೆ. ಅಷ್ಟೇ.

‘ನನಗೊಂದು ಹಿಡಿ ನೆರಳಿಲ್ಲವೇ!’ ಎಂದು ಅರಚಿ ಸೇನಾಪತಿ ಬೀಳುತ್ತಾನೆ. ಶಿಳ್ಳೆ, ಚಪ್ಪಾಳೆ. ಮರೆಯಲ್ಲಿದ್ದ ಕಸ್ತೂರೆವ್ವ ವಹಿ ಮಡಚಿ, ಒಂದೊಂದೇ ಕಾಲು ಎತ್ತಿ ಮೀನಖಂಡ ತಿಕ್ಕಿಕೊಳ್ಳುತ್ತಾರೆ. ಆಟ ಶುರುವಾದಾಗಿನಿಂದ, ಏಳು ತಾಸು, ಅವರು ಕುಳಿತೇ ಇಲ್ಲ.

“ಪೂರಾ ಮಾತು ಹೇಳಬಾರದ್ರಿ,” ಎನ್ನುತ್ತಾರೆ. “ಮೊದಲಿನ ಒಂದ ಶಬ್ದ ಕೊಟ್ರ ಸಾಕು, ಉಳಿದದ್ದು ಅವರ ಹೊಟ್ಟ್ಯಾಗ ಇರತೈತಿ. ಪೂರಾ ಹೇಳಿದ್ರ ಅವರು ನನ್ನ ಬಾಯಿ ನೋಡಾಕ ಹತ್ತತಾರ. ಆಟ ಕೆಟ್ಟಂಗ.”

ಅರವತ್ತರ ಕಸ್ತೂರೆವ್ವ ಸಿಂದಗಿಯವರು. ಹಗಲೆಲ್ಲ ಹೊಲಿಗೆ ಯಂತ್ರದ ಮುಂದೆ ಕುಪ್ಪಸ ಹೊಲಿಯುತ್ತಾರೆ. ಸಂಕ್ರಾಂತಿಯಿಂದ ಕಾರಹುಣ್ಣಿಮೆವರೆಗೆ ಊರೂರಿನ ಹವ್ಯಾಸಿ ನಾಟಕಗಳಿಗೆ ಮಾತು ಕೊಡಲು ಬಸ್ಸು ಹತ್ತುತ್ತಾರೆ. ಮೊದಲು ಒಂದು ಹಂಗಾಮಿಗೆ ನಲವತ್ತು ಆಟ ಇರುತ್ತಿದ್ದವು, ಈಗ ಹದಿನಾಲ್ಕು. ಈ ಸೀಮೆಯಲ್ಲಿ ಎಲ್ಲರೂ ಅವರನ್ನು ಕರೆಯುವುದೇ ‘ಮಾತು ಕೊಡೋ ಕಸ್ತೂರೆವ್ವ’ ಎಂದು. ಕರಪತ್ರದಲ್ಲಿ ಮಾತ್ರ ಅವರ ಹೆಸರು ಎಂದೂ ಅಚ್ಚಾಗಿಲ್ಲ.

ಈ ಕೆಲಸಕ್ಕೆ ಅವರನ್ನು ಎಳೆದದ್ದು ಅವರ ದುಂಡನೆಯ ಅಕ್ಷರ. ಗಂಡ ಕಲ್ಮೇಶ ನಾಟಕಗಳಿಗೆ ತಬಲಾ ನುಡಿಸುತ್ತಿದ್ದರು. ನಾಟಕ ಕಲಿಸುವ ಪರಸಪ್ಪ ಮಾಸ್ತರರು ಒಮ್ಮೆ ಮನೆಗೆ ಬಂದವರು, ಏಳನೆಯ ಇಯತ್ತೆವರೆಗೆ ಓದಿದ್ದ ಕಸ್ತೂರೆವ್ವನ ಅಕ್ಷರ ನೋಡಿ ಪಾತ್ರಗಳ ಮಾತನ್ನು ನಕಲು ಮಾಡಲು ಕೊಟ್ಟರು. ಬರೆದು ಬರೆದು ಮಾತೆಲ್ಲ ಬಾಯಿಗೆ ಬಂತು. ಮಾಸ್ತರರ ಕಣ್ಣು ಮಂಜಾದ ಮೇಲೆ ಮರೆಯಲ್ಲಿ ನಿಲ್ಲುವ ಕೆಲಸವೂ ಬಂತು. ಅತ್ತೆ ಒಪ್ಪಿದರು, ಒಂದು ಕರಾರಿನ ಮೇಲೆ: “ಪರದೆ ಹಿಂದ ಎಷ್ಟ ಬೇಕಾದ್ರೂ ನಿಲ್ಲು. ಮುಂದ ಒಂದ ಹೆಜ್ಜಿ ಇಟ್ಟಿ ಅಂದ್ರ ಈ ಮನಿ ಮೆಟ್ಟಲಾ ಹತ್ತಬ್ಯಾಡ.”

ಮಾಸ್ತರರ ಬಳಿ ಇದ್ದ ನಾಟಕಗಳಲ್ಲಿ ಕಸ್ತೂರೆವ್ವ ಜೀವ ಇಟ್ಟುಕೊಂಡದ್ದು ಸೇನಾಪತಿಯ ನಾಟಕದ ಮೇಲೆ. ನೂರಾ ಹನ್ನೆರಡು ಪುಟದ ಕೈಬರಹ, ಬರೆದವರ ಹೆಸರಿದ್ದ ಮೊದಲ ಹಾಳೆ ಹರಿದುಹೋಗಿದೆ. ಸತ್ತ ರಾಜನ ಎಳೆಯ ಮಗನನ್ನು ಕಾಯುತ್ತೇನೆಂದು ಆಣೆ ಮಾಡಿದ ಸೇನಾಪತಿ, ಹೆಂಡತಿಯ ಮಾತಿಗೆ ಕಿವಿಗೊಟ್ಟು ಆ ಮಗುವನ್ನು ಸೆರೆಗೆ ಹಾಕಿ ತಾನೇ ಪಟ್ಟವೇರುತ್ತಾನೆ. ಏರಿದವನಿಗೆ ಎಲ್ಲರೂ ಶತ್ರುಗಳಾಗಿ ಕಾಣುತ್ತಾರೆ. ಮೂರನೆಯ ಅಂಕದಲ್ಲಿ, ಪಟ್ಟದ ಆಸೆ ಹಚ್ಚಿದ ಹೆಂಡತಿಯೇ ಕಿರೀಟ ಇಳಿಸೆಂದು ಬೇಡಿಕೊಳ್ಳುತ್ತಾಳೆ. ಅವನು ಕೇಳುವುದಿಲ್ಲ, ತನ್ನ ಸೈನಿಕರ ಕೈಯಲ್ಲೇ ಅಳಿಯುತ್ತಾನೆ. ರಾಣಿಯಾದ ಆ ಹೆಂಡತಿಯ ಬೇಡಿಕೆ ಇಪ್ಪತ್ತೆರಡು ಸಾಲು.

“ರೊಟ್ಟಿ ಬಡಿಯುವಾಗ ಅದನ್ನ ಅಂತಿದ್ದೆರಿ. ಇಪ್ಪತ್ತೆರಡು ಸಾಲಿಗೆ ಎರಡು ರೊಟ್ಟಿ ಆಗ್ತಿದ್ದವು,” ಎಂದು ನಗುತ್ತಾರೆ.

ಇಪ್ಪತ್ತಾರು ವರ್ಷದ ಹಿಂದೆ, ಮುದ್ದೇಬಿಹಾಳ ತಾಲ್ಲೂಕಿನ ಒಂದು ಊರಲ್ಲಿ ಆ ಸಾಲುಗಳು ಅವರ ಪಾಲಿಗೆ ಬಂದವು. ರಾಣಿಯ ಪಾತ್ರಕ್ಕೆ ಹೊರಗಿನಿಂದ ಬರಬೇಕಿದ್ದ ಕಲಾವಿದೆಯ ಬಸ್ಸು ಕೊಲ್ಹಾರದ ಆಚೆ ಕೆಟ್ಟು ನಿಂತಿತ್ತು. ಬಯಲು ತುಂಬ ಮಂದಿ ಕೂತಾಗಿತ್ತು. ಪರಸಪ್ಪ ಮಾಸ್ತರರು ಕಸ್ತೂರೆವ್ವನ ಮುಖ ನೋಡಿದರು, ಕಸ್ತೂರೆವ್ವ ಗಂಡನ ಮುಖ ನೋಡಿದರು. ತಬಲಾಕ್ಕೆ ಶ್ರುತಿ ಕೂಡಿಸುತ್ತಿದ್ದ ಕಲ್ಮೇಶ ತಲೆ ಎತ್ತದೆ ಹೇಳಿದರು: “ರಂಗ ಹತ್ತು. ಅವ್ವಗ ನಾ ಹೇಳ್ತೇನಿ.”

ಮೊದಲ ಎರಡು ಅಂಕ ಹೂವು ಎತ್ತಿದಷ್ಟು ಸಲೀಸಾಗಿ ಆದವು. “ಬೆಳಕು ಮೈಮ್ಯಾಲ ಬಿತ್ತು ನೋಡ್ರಿ, ಈ ಕೈ ನನ್ನವ ಅಲ್ಲ ಅನಿಸ್ತು. ರಾಣಿವ ಅನಿಸ್ತು.”

ಸೇನಾಪತಿ ಆಗಿದ್ದವರು ಆ ಊರಿನ ರೈತ ಬಸಂತರಾಯ. ಹದಿನಾರು ವರ್ಷ ದೂತ, ಕಾವಲುಗಾರ ಎಂದು ಈಟಿ ಹಿಡಿದು ನಿಂತು, ಕೊನೆಗೊಮ್ಮೆ ಆ ಪಾತ್ರ ಪಡೆದಿದ್ದರು. ಮೂರನೆಯ ಅಂಕದಲ್ಲಿ ಅವರ ನಾಲಗೆ ಕಟ್ಟಿಹೋಯಿತು. ಮಾತು ಕೊಡಲು ಮರೆಯಲ್ಲಿ ಯಾರೂ ಇರಲಿಲ್ಲ. ಕೊಡುವವಳೇ ರಂಗದ ಮೇಲಿದ್ದಳು. ಮುಂದಿನ ಸಾಲಿನಲ್ಲಿ ಬಸಂತರಾಯರ ಹೆಂಡತಿ ಮಕ್ಕಳು ಕೂತಿದ್ದರು. ಹಿಂದಿನಿಂದ ಯಾರೋ ಒಬ್ಬ ನಕ್ಕ.

ಕಸ್ತೂರೆವ್ವ ಮಂದಿಗೆ ಬೆನ್ನು ತಿರುಗಿಸಿ, ಸೇನಾಪತಿಯ ಭುಜಕ್ಕೆ ತಲೆಯಿಟ್ಟು, ಅವರ ಕಿವಿಯಲ್ಲಿ ಅವರದೇ ಮಾತು ಉಸುರಿದರು. ಒಂದು ಸಾಲು, ಇನ್ನೊಂದು ಸಾಲು. ಬಸಂತರಾಯರ ದನಿ ತಿರುಗಿ ಬಂತು. ಆಮೇಲೆ ಬರಬೇಕಾದದ್ದು ರಾಣಿಯ ಇಪ್ಪತ್ತೆರಡು ಸಾಲು.

“ಅಂವ ನನ್ನ ಮುಂಗೈ ಗಟ್ಟ್ಯಾಗಿ ಹಿಡಕೊಂಡಿದ್ದ್ರಿ. ಬಿಡಿಸ್ಕೊಂಡು ಮಂದಿ ಕಡೆ ತಿರುಗಿದ್ನೆಂದ್ರ ಅಲ್ಲೇ ಕುಸೀತಿದ್ದ. ಏನ್ ಮಾಡ್ಲಿ? ನನ್ನ ಮಾತು ಬಿಟ್ಟೆ. ಅವನ ಮುಂದಿನ ಮಾತು ಕೊಟ್ಟೆ.”

ಮಂದಿಯ ಕಣ್ಣಿಗೆ ಕಂಡದ್ದು ಗಂಡನ ಭುಜಕ್ಕೊರಗಿ ಮಾತಿಲ್ಲದೆ ಅಳುವ ರಾಣಿ. ಊರವರು ಬಸಂತರಾಯರಿಗೆ ಪಟಗ ಸುತ್ತಿ, ಬೆಳ್ಳಿ ಉಂಗುರ ತೊಡಿಸಿ ಆಯೇರಿ ಮಾಡಿದರು. ರಾಣಿ ಯಾರೆಂದು ಯಾರೂ ಕೇಳಲಿಲ್ಲ. ಸಿಂದಗಿಗೆ ಬಂದಾಗ ಅತ್ತೆ ಬಾಗಿಲು ತೆರೆದರು, ಬಾಯಿ ತೆರೆಯಲಿಲ್ಲ. ಹನ್ನೊಂದು ತಿಂಗಳು ಸೊಸೆಯನ್ನು ಮಾತಾಡಿಸಲಿಲ್ಲ. ಕಸ್ತೂರೆವ್ವ ಮತ್ತೆ ರಂಗ ಹತ್ತಲಿಲ್ಲ.

ಹೋದ ವರ್ಷ ಅದೇ ಊರಲ್ಲಿ ಅದೇ ನಾಟಕ. ಆಟ ಶುರುವಾಗುವ ಮೊದಲು ಎಪ್ಪತ್ತು ದಾಟಿದ ಬಸಂತರಾಯ ಕೋಲೂರಿಕೊಂಡು ಬಂದು ಮೈಕು ಕೇಳಿ ಪಡೆದರು. “ಅವತ್ತ ನನಗ ಆಯೇರಿ ಮಾಡಿದ್ರಿ. ನಾ ಆಡಿದ ಮಾತು ಆ ಮರೀಗೆ ನಿಂತಾಳಲ್ಲ, ಆ ತಾಯಿ ಕೊಟ್ಟದ್ದು. ತನ್ನ ಮಾತು ನುಂಗಿ ನನ್ನ ಮಾನ ಉಳಿಸಿದಳು. ಇಷ್ಟು ವರ್ಷ ಹೇಳಬೇಕಂದ್ರ ನಾಲಿಗಿ ಏಳಲಿಲ್ಲ,” ಎಂದರು.

ಕಸ್ತೂರೆವ್ವನಿಗೆ ಖುಷಿಯಾಯಿತೇ? “ಸಿಟ್ಟು ಬಂತ್ರಿ,” ಎನ್ನುತ್ತಾರೆ. “ಯಾರಿಗೂ ಗೊತ್ತಿಲ್ಲ ಅಂತ ಒಂದು ಸಮಾಧಾನ ಇತ್ತು. ಮಲಗಿದ್ದ ಆಸೆ ಎದ್ದು ಕೂತ್ತು. ಇನ್ನ ಅದನ್ನ ಹೆಂಗ ಮಲಗಸ್ಲಿ?”

ಆ ಮಂದಿಯ ನಡುವೆ ಬಸವನ ಬಾಗೇವಾಡಿ ಕಡೆಯ ಶಿಕ್ಷಕಿ ದಾನೇಶ್ವರಿ ಇದ್ದರು. ತಮ್ಮೂರಿನ ಹೆಣ್ಣುಮಕ್ಕಳನ್ನೇ ಕೂಡಿಸಿಕೊಂಡು ಯುಗಾದಿ ಮುಗಿದ ಮೇಲೆ ಸೇನಾಪತಿಯ ನಾಟಕ ಆಡಲು ಹೊರಟಿದ್ದಾರೆ. ಸೇನಾಪತಿ ಅವರೇ. ಸಿಂದಗಿಗೆ ಬಂದು ಹೊಲಿಗೆ ಯಂತ್ರದ ಪಕ್ಕ ಕೂತು ಕೇಳಿದರು: “ರಾಣಿ ಪಾತ್ರ ಯಾರಿಗೂ ಕೊಟ್ಟಿಲ್ಲರಿ ಅವ್ವಾ. ನೀವ ಮಾಡ್ರಿ.”

ಕಸ್ತೂರೆವ್ವ ಆ ದಿನ ಹ್ಞೂಂ ಅನ್ನಲಿಲ್ಲ. ಯಾಕೆಂದರೆ ಅಲ್ಲೇ, ದಾನೇಶ್ವರಿಯ ಎದುರೇ, ಮೊದಲ ಸಾಲು ಹೇಳಲು ಬಾಯಿ ತೆರೆದರೆ ಬಂದದ್ದು ಪಿಸುಮಾತು. ಜೀವಮಾನವಿಡೀ ಮೈಕಿಗೆ ಕೇಳದಂತೆ ಮಾತಾಡಿದ ಗಂಟಲಿಗೆ ರಂಗದ ದನಿಯೇ ಮರೆತುಹೋಗಿದೆ.

ಈಗ ಆಟ ಇಲ್ಲದ ದಿನ ಬೆಳಕು ಹರಿಯುತ್ತಲೇ ಗಂಡ ಹೆಂಡತಿ ಊರ ಹೊರಗಿನ ಜೋಳದ ಹೊಲಕ್ಕೆ ಹೋಗುತ್ತಾರೆ. ಈ ಬದುವಿನಲ್ಲಿ ಕಸ್ತೂರೆವ್ವ, ಆ ಬದುವಿನಲ್ಲಿ ಕಲ್ಮೇಶ. “ಈ ಕಿರೀಟವನ್ನು ನಿಮ್ಮ ತಲೆಗಿಟ್ಟವಳು ನಾನು! ಅದರ ಪಾಪ ನನಗೆ ಕೊಡಿ, ಆ ಮಗುವನ್ನು ತಾಯಿಗೆ ಕೊಡಿ!” ಕೇಳಿದರೆ ಕಲ್ಮೇಶ ಕೈ ಎತ್ತುತ್ತಾರೆ, ಕೇಳದಿದ್ದರೆ ಸುಮ್ಮನೆ ನಿಲ್ಲುತ್ತಾರೆ. ಮೊದಲ ದಿನ ಇಪ್ಪತ್ತು ಹೆಜ್ಜೆಗೂ ಕೈ ಏಳಲಿಲ್ಲ. ಈ ವಾರ ತೊಂಬತ್ತು ಹೆಜ್ಜೆಯಿಂದ ಎದ್ದಿತು. “ಸುಳ್ಳ ಕೈ ಎತ್ತೂದಿಲ್ಲರಿ ನಾ. ಆಕಿಗೆ ಗೊತ್ತಾಕ್ಕೈತಿ,” ಎನ್ನುತ್ತಾರೆ ಕಲ್ಮೇಶ.

ಈ ವಯಸ್ಸಿನಲ್ಲಿ ರಾಣಿಯೇ ಎಂದು ಓಣಿಯಲ್ಲಿ ನಗುವವರೂ ಇದ್ದಾರೆ. ಕಸ್ತೂರೆವ್ವ ಸೂಜಿಗೆ ದಾರ ಪೋಣಿಸುತ್ತ ಅದಕ್ಕೆ ಉತ್ತರ ಕೊಡುತ್ತಾರೆ:

“ನೂರಾ ಹನ್ನೆರಡು ಪುಟ ನಾಕ ಸಲ ತಿರುವಿ ಹಾಕೇನ್ರಿ. ರಾಣಿಗೆ ವಯಸ್ಸು ಇಷ್ಟ ಅಂತ ಎಲ್ಲೂ ಬರದಿಲ್ಲ.”