ಹಂಚಿಕೊಂಡ ಪಾಸ್‌ವರ್ಡ್

ರಾಮದುರ್ಗದ ಪೇಟೆಯಲ್ಲಿ ಬೀಜ, ಗೊಬ್ಬರ ಮಾರುವ ಅಣ್ಣತಮ್ಮಂದಿರ ಅಂಗಡಿಯ ಕಂಪ್ಯೂಟರಿಗೆ ನಾನು ಹೊಸ ಆಪರೇಟಿಂಗ್ ಸಿಸ್ಟಮ್ ಹಾಕಿಕೊಟ್ಟೆ. ಕಂಪ್ಯೂಟರ್ ಚುರುಕಾಯಿತು, ಆದರೆ ಅದರಲ್ಲಿ ಉಳಿಸಿಟ್ಟಿದ್ದ ಇಂಟರ್ನೆಟ್ಟಿನ ಪಾಸ್‌ವರ್ಡ್ ಅಳಿಸಿಹೋಯಿತು. ಸಂಜೆಯೊಳಗೆ ಬೀಜದ ಕಂಪನಿಗೆ ಆರ್ಡರಿನ ಮೇಲ್ ಹೋಗದಿದ್ದರೆ ಆ ಹಂಗಾಮಿನ ಶೇಂಗಾ ಬೀಜ ಎದುರಿನ ಅಂಗಡಿಯವರ ಪಾಲಾಗುತ್ತಿತ್ತು.

“ಪಾಸ್‌ವರ್ಡ್ ಹೇಳ್ರಿ,” ಅಂದೆ.

“ನನಗ ಮೊದಲಿನ ಅರ್ಧಾ ಅಷ್ಟ ಗೊತ್ತೈತಿ,” ಅಂದ ಅಣ್ಣ. “ಉಳದದ್ದು ತಮ್ಮನ ಕಡೆ ಐತಿ.”

ಒಬ್ಬನಿಗೆ ತಿಳಿಯದಂತೆ ಇನ್ನೊಬ್ಬ ಕಂಪನಿಗೆ ಮೇಲ್ ಕಳಿಸಬಾರದೆಂದು ಅದನ್ನು ಹಂಚಿಕೊಂಡಿದ್ದರಂತೆ. ಆಮೇಲೆ ಅದು ಕಂಪ್ಯೂಟರಿನಲ್ಲೇ ಉಳಿದದ್ದರಿಂದ ಇಬ್ಬರೂ ಬೇಕಾದಾಗ ಕಳಿಸುತ್ತಿದ್ದರು, ಆ ಮಾತು ಬೇರೆ.

“ಒಬ್ಬರಾದ ಮ್ಯಾಲ ಒಬ್ಬರು ನೀವ ಟೈಪ್ ಮಾಡ್ರಿ,” ಅಂದೆ.

“ಕೀಬೋರ್ಡಿನ ಮ್ಯಾಲ ಬಟ್ಟ ಎಲ್ಲಿ ಇಟ್ಟೆ ಅಂತ ಅಣ್ಣ ನೋಡ್ತಾನ್ರಿ,” ಅಂದ ತಮ್ಮ.

ಕೊನೆಗೆ ತಮ್ಮನನ್ನು ಹೊರಗೆ ಕಳಿಸಿ ಅಣ್ಣ ನನ್ನ ಕಿವಿಯಲ್ಲಿ ತನ್ನ ಅರ್ಧ ಹೇಳಿದ. ಅಣ್ಣನನ್ನು ಹೊರಗೆ ಕಳಿಸಿ ತಮ್ಮ ತನ್ನದು ಹೇಳಿದ. ಎರಡನ್ನೂ ಸೇರಿಸಿ ನಾನು ಟೈಪ್ ಮಾಡಿದೆ. ಫೋನ್ ಲೈನಿಗೆ ಜೋಡಿಸಿದ್ದ ಮೋಡೆಮ್ ಕಿರುಚಿ ಸುಮ್ಮನಾಯಿತು, ಮೇಲ್ ಹೋಯಿತು.

ಚಹಾದ ನೆಪದಲ್ಲಿ ಅಣ್ಣ ನನ್ನನ್ನು ಗೋದಾಮಿಗೆ ಕರೆದೊಯ್ದ. “ಅವನ ಅರ್ಧಾ ಏನೈತಿ, ನನಗಷ್ಟ ಹೇಳ್ರಿ.”

ನಾನು ಹೇಳಲಿಲ್ಲ. ಬಸ್ ಸ್ಟ್ಯಾಂಡಿಗೆ ಬಿಡಲು ಬಂದ ತಮ್ಮನೂ ದಾರಿಯಲ್ಲಿ ಗಾಡಿ ನಿಲ್ಲಿಸಿ ಅಣ್ಣನದನ್ನು ಕೇಳಿದ. ಅವನಿಗೂ ಹೇಳಲಿಲ್ಲ.

“ಹೊರಗಿನ ಮಂದಿನ್ನ ನಂಬೂದು ಭಾಳ ಕಷ್ಟ ನೋಡ್ರಿ,” ಎಂದು ನೊಂದುಕೊಂಡು, ನನ್ನನ್ನು ಅಲ್ಲೇ ಇಳಿಸಿ ಗಾಡಿ ತಿರುಗಿಸಿದ.

ಮುಂದೆ ಕಂಪ್ಯೂಟರ್ ಕೆಟ್ಟಾಗ ಅವರು ಬೇರೆಯವರನ್ನು ಕರೆಸಿದರು. ಆ ಒಂದು ವಿಷಯದಲ್ಲಿ ಮಾತ್ರ ಅಣ್ಣತಮ್ಮಂದಿರಿಗೆ ಒಮ್ಮತವಿತ್ತಂತೆ.