ಚಿಗವ್ವನಿಗೆ ತೋಳ ಕಡಿದದ್ದು

ಜೇಡ ಎಲ್ಲಿಂದ ಬಂತು ಎಂದು ಕೇಳಿದರೆ ನಮ್ಮ ಮನೆಯಲ್ಲಿ ತಲೆಗೊಂದು ಉತ್ತರ ಸಿಗುತ್ತದೆ. ಮೆಣಸಿನಕಾಯಿ ಚೀಲದಿಂದ ಎಂದು ಒಬ್ಬರು, ಬಚ್ಚಲ ಸಂದಿಯಿಂದ ಎಂದು ಇನ್ನೊಬ್ಬರು. ನನ್ನ ನೆನಪಿನಲ್ಲಿ ಅದು ಚಿಗವ್ವನ ದಿಂಬಿನ ಮೇಲೆ ಕೂತಿದೆ. ಬೆಳಕು ಸರಿಯಾಗಿ ಬಿದ್ದಿದೆ, ಕಾಲುಗಳೆಲ್ಲ ಚೆಂದ ಕಾಣುತ್ತವೆ. ಇಷ್ಟು ಚೆಂದ ಕಾಣುವ ನೆನಪನ್ನು ನಾನು ನಂಬುವುದಿಲ್ಲ. ಆಮೇಲೆ ತೆಗೆದ ಫೋಟೋ ಅದು, ನೆನಪಿನ ವೇಷ ಹಾಕಿಕೊಂಡು ಬಂದಿದೆ.

ನಂಬಬಹುದಾದದ್ದು ಇಷ್ಟು. ಬ್ಯಾಡಗಿಯಲ್ಲಿರುವ ನನ್ನ ಚಿಗವ್ವ, ಅಂದರೆ ತಾಯಿಯ ತಂಗಿ, ಬಲಗಡೆ ಹಣೆಯ ತುಂಬ ಗುಳ್ಳೆ ಎದ್ದು ಕೂತಿದ್ದಳು. ರೆಪ್ಪೆ ಊದಿ ಕಣ್ಣು ಮುಚ್ಚತೊಡಗಿತ್ತು. ಮೆಣಸಿನಕಾಯಿಯ ತೊಟ್ಟು ಮುರಿಯಲು ಹೋಗುವವಳಾದ್ದರಿಂದ ಮೊದಲು ಖಾರ ತಾಗಿದೆ ಎಂದಳು. ಜೇಡ ಕಂಡ ಮೇಲೆ ಕಾರಣ ಬದಲಾಯಿತು.

"ಜ್ಯಾಡ ಉಚ್ಚಿ ಹೊಯ್ದೈತಿ. ಅರಿಷಿಣ ಹಚ್ಚೇನಿ, ತಾನ ಹೋಗತೈತಿ."

"ಕಣ್ಣಿಗೆ ಬಂದೈತಿ ಚಿಗವ್ವ. ದವಾಖಾನಿಗೆ ಹೋಗೂನು ನಡಿ."

"ಜ್ಯಾಡದ ಉಚ್ಚಿಗೆ ಯಾವ ಡಾಕ್ಟರ್ ಔಷಧ ಕೊಡ್ತಾನೋ? ಓದಿ ಓದಿ ನಿನ್ನ ತಲಿ ಕೆಟ್ಟೈತಿ."

ಕೆಟ್ಟಿತ್ತು, ಖರೆ. ಜೇಡ ಯಾವುದೆಂದು ಗೊತ್ತಾದರೆ, ಅದರದೇನೂ ತಪ್ಪಿಲ್ಲವೆಂದು ಸಾಬೀತಾದರೆ, ಅವಳು ಎದ್ದು ಬರುತ್ತಾಳೆ ಎಂದುಕೊಂಡೆ. ಮನುಷ್ಯರು ಸಾಕ್ಷಿಗೆ ಮಣಿಯುತ್ತಾರೆ ಎಂಬ ಮೂಢನಂಬಿಕೆಗೆ ಯಾವ ಅರಿಷಿಣವೂ ಇಲ್ಲ. ಜೇಡದ ಮೇಲೆ ಗಾಜಿನ ಲೋಟ ಬೋರಲು ಹಾಕಿ, ಫೋಟೋ ತೆಗೆದು, ರಾಣೆಬೆನ್ನೂರಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವ ಪರಿಚಯದ ಮೇಷ್ಟ್ರಿಗೆ ಕಳಿಸಿದೆ. ಗುಳ್ಳೆಯ ವಿಷಯವನ್ನೂ ಬರೆದಿದ್ದೆ. ಅವರು ಸ್ಕೂಟರ್ ಹತ್ತಿ ಬಂದೇಬಿಟ್ಟರು. ಗುಳ್ಳೆಗಾಗಿ ಅಲ್ಲ.

ಬಂದವರೇ ಲೋಟದ ಮುಂದೆ ಮಂಡಿಯೂರಿದರು. ದೇವರ ಮುಂದೆ ಅವರು ಹಾಗೆ ಕೂತದ್ದನ್ನು ನಾನು ಕಂಡಿಲ್ಲ. ಕಂದು ಮೈ, ಬೆನ್ನ ನಡುವೆ ವಿಭೂತಿ ಎಳೆದಂಥ ಪಟ್ಟಿ, ಕಾಲುಗಳಿಗೆ ಕಪ್ಪು ಉಂಗುರ, ಹಿಂಭಾಗಕ್ಕೆ ಅಂಟಿಕೊಂಡ ಬಿಳಿ ಗುಂಡು.

"ತತ್ತಿ ಚೀಲ ನೋಡ್ರಿ! ಹೊತ್ಕೊಂಡ ತಿರಗತೈತಿ."

"ವಿಷದ ಚೀಲ ಅದು," ಎಂದಳು ಚಿಗವ್ವ ಮಂಚದ ಮೇಲಿಂದ.

ಮೇಷ್ಟ್ರು ಕೇಳಿಸಿಕೊಳ್ಳಲಿಲ್ಲ. ಮಸೂರ ಹಿಡಿದು ಅದರ ಕಣ್ಣು ಎಣಿಸುತ್ತಿದ್ದರು. "ಕೆಳಗ ನಾಕು ಸಣ್ಣವು. ನಡುವ ಎರಡು ದೊಡ್ಡವು. ಹಿಂದ ಮತ್ತೆರಡು." ಅವರ ಬೆನ್ನ ಹಿಂದೆ ಒಂದು ಕಣ್ಣು ಮುಚ್ಚುತ್ತಿತ್ತು. ಈ ವಾಕ್ಯ ತೀರ ಸಲೀಸಾಗಿ ಬಂತು, ಅಳಿಸಬೇಕೆನಿಸುತ್ತದೆ. ಆದರೆ ಅವರು ತಿರುಗಿ ನೋಡಲಿಲ್ಲ ಎಂಬುದನ್ನು ಅಳಿಸಲಾರೆ.

"ಯಾವ ಜಾತೀದ್ರಿ ಸರ?"

"ಕುಟುಂಬ ಖಾತ್ರಿ ಐತಿ. ಒಳಜಾತಿ ಹೇಳಾಕ ಸೂಕ್ಷ್ಮದರ್ಶಕದಾಗ ಇದರ ಜನನಾಂಗ ನೋಡಬೇಕು."

"ಅಯ್ಯ, ಇವ್ರಿಗೆ ನಾಚಿಕಿಲ್ಲೇನು!" ಎಂದಳು ಚಿಗವ್ವ. "ಜ್ಯಾಡದ ಸೆರಗೂ ಬಿಡಂಗಿಲ್ಲ."

ನಮ್ಮಲ್ಲಿ ಮನುಷ್ಯರ ಒಳಜಾತಿ ಪತ್ತೆಗೆ ಇಷ್ಟು ಶ್ರಮ ಬೇಡ. ಯಾರ ಪೈಕಿ ಎಂದು ಕೇಳಿದರೆ ಮುಗಿಯಿತು.

"ಇದಕ್ಕೂ ಗುಳ್ಳಿಗೂ ಸಂಬಂಧ ಇಲ್ಲಂತ ಆಕಿಗೆ ಹೇಳ್ರಿ ಸರ," ಎಂದೆ. ಆಗ ಅವರು ತರಗತಿಯ ದನಿ ತೆಗೆದರು.

"ಅಮ್ಮಾರ, ಇದು ತೋಳ ಜೇಡ. ಬಲೆ ಕಟ್ಟಂಗಿಲ್ಲ. ನೆಲದ ಮ್ಯಾಲೆ ತೋಳದಂಗ ಓಡ್ಯಾಡಿ ಬ್ಯಾಟಿ ಆಡತೈತಿ. ಮನಶ್ಯಾರಿಗೆ ಏನೂ ಮಾಡಂಗಿಲ್ಲ."

ಇಷ್ಟರಲ್ಲಿ ಚಿಗವ್ವ ಹಿಡಿದದ್ದು ಒಂದೇ ಮಾತು. ಅರಿಷಿಣದ ಕೈ ನಿಂತಿತು.

"ತೋಳ?"

ಅವಳು ಹುಟ್ಟಿದ್ದು ಕುಪ್ಪೇಲೂರಿನಲ್ಲಿ. ಅಲ್ಲಿ ಕುರಿಹಟ್ಟಿಗೆ ತೋಳ ಬರುತ್ತಿತ್ತು. ತೋಳ ಕಡಿಸಿಕೊಂಡ ಕುರಿಗಾರನ ಹೊಕ್ಕುಳ ಸುತ್ತ ಸೂಜಿ ಚುಚ್ಚಿದ ಕಥೆ ಕೇಳಿ ಬೆಳೆದವಳು.

"ತೋಳಂದ್ರ ಸೂಜಿ ಮಾಡಿಸ್ಕೋಬೇಕಲೋ! ಮೊದಲ ಹೇಳಾಕ ಏನಾಗಿತ್ತು ನಿನಗ? ಲಗೂ ಗಾಡಿ ತಗಿ!"

ಮೇಷ್ಟ್ರು ತಿದ್ದಲು ಬಾಯಿ ತೆರೆದರು. ನಾನು ಅವರ ಕಾಲು ತುಳಿದೆ.

ಹಾವೇರಿಯ ಆಸ್ಪತ್ರೆಯಲ್ಲಿ ಅವಳು ಡಾಕ್ಟರಿಗೆ "ತೋಳ ಕಡದೈತ್ರಿ" ಎಂದಳು. ಆತ ನಗಲಿಲ್ಲ, ರೆಪ್ಪೆ ಎತ್ತಿ ನೋಡಿದ.

"ಸರ್ಪಸುತ್ತು. ಕಣ್ಣಿಗೆ ಇಳದೈತಿ. ಇನ್ನೂ ತಡ ಮಾಡಿದ್ರ ಕಣ್ಣು ಹೋಗತಿತ್ತು."

"ಮೊದಲ ಜ್ಯಾಡ, ಆಮ್ಯಾಲೆ ತೋಳ, ಈಗ ಸರ್ಪ," ಎಂದಳು ಚಿಗವ್ವ. "ಓದಿದವರೆಲ್ಲ ಕೂಡಿ ಪ್ರಾಣಿ ಯಾವುದಂತ ಮೊದಲ ಖಾತ್ರಿ ಮಾಡ್ಕೋರಿ."

ಕಣ್ಣು ಉಳಿಯಿತು, ಸ್ವಲ್ಪ ಮಬ್ಬು. ಜೇಡ ರಾಣೆಬೆನ್ನೂರಿನಲ್ಲಿ ಸ್ಪಿರಿಟ್ ಬಾಟಲಿಯೊಳಗಿದೆ. ಒಳಜಾತಿ ಇನ್ನೂ ಗೊತ್ತಾಗಿಲ್ಲ. ಕಣ್ಣು ಉಳಿದದ್ದನ್ನು ವಿಜ್ಞಾನದ ಗೆಲುವು ಎಂದು ಮೇಷ್ಟ್ರು ಎಲ್ಲರಿಗೂ ಹೇಳುತ್ತಾರೆ, ಕಾಲು ತುಳಿಸಿಕೊಂಡದ್ದನ್ನು ಬಿಟ್ಟು.

ಮೊನ್ನೆ ತೊಟ್ಟು ಮುರಿಯುವ ಜೊತೆಗಾರ್ತಿಯೊಬ್ಬಳಿಗೆ ಕತ್ತಿನ ಮೇಲೆ ಗುಳ್ಳೆ ಎದ್ದವಂತೆ. ಅವಳೂ ಅರಿಷಿಣ ತೇಯುತ್ತಿದ್ದಳಂತೆ. ಚಿಗವ್ವ ಮಬ್ಬುಗಣ್ಣನ್ನು ಅವಳ ಹತ್ತಿರ ಒಯ್ದು ನೋಡಿ, "ಆ ಅರಿಷಿಣ ಆಕಡೆ ಒಗಿ! ತೋಳ ಇದು, ಹಾವೇರಿಗೆ ನಡಿ" ಎಂದಳಂತೆ.

ಚಿಗವ್ವನೇ ಇದನ್ನು ಹೇಳುವಾಗ, ತೋಳವಲ್ಲ ಎಂದು ತಿದ್ದಲು ನನ್ನ ಬಾಯಿಯೂ ತೆರೆದುಕೊಂಡಿತು. ಈ ಸಲ ತುಳಿಯುವವರು ಯಾರೂ ಇರಲಿಲ್ಲ. ನಾನೇ ಮುಚ್ಚಿಕೊಂಡೆ.